ಮೇಸ್ತ್ರಿಯ ದನಿ

ಕನ್ನಡಕದಕ್ಕನ ಕೈಯಲ್ಲಿ ಆ ಕ್ಯಾಪ್ಟನ್ ಸತ್ತಷ್ಟು ಸಲ ಯಾವ ಯುದ್ಧದಲ್ಲೂ ಯಾವ ಕ್ಯಾಪ್ಟನ್ನೂ ಸತ್ತಿರಲಿಕ್ಕಿಲ್ಲ. ಏಣಿ ಹತ್ತಿಸಲು ಹೋದರೆ ಏಣಿಯ ಪಕ್ಕದಿಂದ ಹಾರಿ ಪಾತಾಳ ಸೇರುತ್ತಿದ್ದಳು. ಬಾಗಿಲು ತೆಗೆಸಲು ಹೋದರೆ ಬಾಗಿಲು ಬಿಟ್ಟು ಪಕ್ಕದ ಗೋಡೆಗೆ ಮುಖ ಒತ್ತಿಕೊಂಡು, ಶಿಕ್ಷೆಗೆ ನಿಂತ ಶಾಲೆಯ ಮಗುವಿನ ಹಾಗೆ ನಿಲ್ಲುತ್ತಿದ್ದಳು. ಶತ್ರು ಎದುರಿಗೆ ಬಂದರೆ ಬಂದೂಕಿನ ಬದಲು ಟಾರ್ಚು ಹಾಕಿ ಅವನ ಮುಖ ನೋಡುತ್ತಿದ್ದಳು. ಅಷ್ಟಾದರೂ ಕನ್ನಡಕದಕ್ಕ ಕುರ್ಚಿಯ ಅಂಚಿಗೆ ಕೂತು, ಎರಡು ಹೆಬ್ಬೆರಳಿಗೂ ಬುದ್ಧಿ ಹೇಳಿಕೊಂಡು, ಇಡೀ ಚಳಿಗಾಲ ಟೀವಿಯಲ್ಲಿ ಆ ವಿಡಿಯೋ ಆಟ ಆಡಿದಳು. ಐವತ್ತು ದಾಟಿದ ಹೆಂಗಸಿಗೆ ಇದೇನು ಹುಚ್ಚು ಎಂದು ಕೇಳುವವರು ಕೇಳಲಿ. ಹುಚ್ಚಿಗೂ ಒಂದು ಕಾರಣ ಇರುತ್ತದೆ, ಹೇಳುತ್ತೇನೆ.

ಮುಖ್ಯರಸ್ತೆಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಆಕೆಯ ಕೆಲಸ. ಬಂದವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಇಟ್ಟು, ಗಾಜು ಬದಲಿಸುತ್ತಾ ಕೇಳುತ್ತಾಳೆ: “ಒಂದನೇದು ಚೆನ್ನಾಗಿ ಕಾಣುತ್ತಾ, ಎರಡನೇದಾ?” ದಿನಕ್ಕೆ ನೂರು ಸಲ ಇದೇ ಪ್ರಶ್ನೆ. ಕೆಲವರು ಬಾಯಲ್ಲಿ ಹೇಳುತ್ತಾರೆ, ಕೆಲವರು ಬೆರಳು ತೋರಿಸುತ್ತಾರೆ. ಬೀದಿಯವರೆಲ್ಲ, ಆಕೆಗಿಂತ ಹಿರಿಯರೂ ಕೂಡ, ಕನ್ನಡಕದಕ್ಕ ಎಂದೇ ಕರೆಯುವುದು.

ಆಕೆಯ ಗಂಡ ಡಬ್ಬಿಂಗ್ ಕಲಾವಿದ. ಸ್ಟುಡಿಯೋದಲ್ಲಿ ಆತನನ್ನು ಗುಡುಗಣ್ಣ ಎನ್ನುತ್ತಿದ್ದರು. ಆ ದನಿ ಹಾಗಿತ್ತು. ಪಕ್ಕದ ಕೋಣೆಯಲ್ಲಿ ಆತ ಮಾತಾಡಿದರೆ ಈ ಕೋಣೆಯ ಮೇಜಿನ ಮೇಲೆ ಲೋಟ ಸಣ್ಣಗೆ ನಡುಗುತ್ತಿತ್ತು. ಹೊರಗಿನಿಂದ ಬಂದ ಸಿನಿಮಾಗಳ ಖಳನಾಯಕರು, ಮಂತ್ರಿಗಳು, ಮಾತಾಡುವ ಕರಡಿಗಳು, ಎಲ್ಲರಿಗೂ ನಮ್ಮ ಭಾಷೆಯ ಬಾಯಿ ಆತನದೇ. ಫೋನಿನಲ್ಲಿ ‘ದಯವಿಟ್ಟು ಕಾಯಿರಿ’ ಎಂದು ಊರಿಗೆಲ್ಲ ಹೇಳುತ್ತಿದ್ದುದೂ ಆತನೇ. ಎಷ್ಟು ಜನ ಆತನಿಗೆ ಶಾಪ ಹಾಕಿರಬಹುದು, ದೇವರಿಗೇ ಗೊತ್ತು.

‘ಏಳನೇ ಚಂದ್ರ’ ಎಂಬ ಆಟ ನಮ್ಮ ಭಾಷೆಗೆ ಬಂದಾಗ ಅದರಲ್ಲಿ ಹಡಗಿನ ಎಂಜಿನ್ ನೋಡಿಕೊಳ್ಳುವ ಮೇಸ್ತ್ರಿಯ ಪಾತ್ರ ಆತನಿಗೆ ಸಿಕ್ಕಿತು. ಹಡಗು ಎಂದರೆ ನೀರಿನದಲ್ಲ, ನಕ್ಷತ್ರಗಳ ನಡುವೆ ಓಡಾಡುವುದು. ಅದು ಸುಮ್ಮನೆ ಗುಂಡು ಹಾರಿಸುವ ಆಟವೂ ಅಲ್ಲ. ಅದರಲ್ಲೊಂದು ಉದ್ದದ ಕಥೆಯಿದೆ. ಆಡುವವರೇ ಕ್ಯಾಪ್ಟನ್. ಯಾರ ಜೊತೆ ಏನು ಮಾತಾಡಬೇಕು, ಯಾರನ್ನು ಕರೆದೊಯ್ಯಬೇಕು, ಯಾರನ್ನು ಬಿಡಬೇಕು, ಎಲ್ಲ ಅವರೇ ಆರಿಸಬೇಕು. ಆರಿಸಿದ್ದಕ್ಕೆ ತಕ್ಕಂತೆ ಕಥೆ ತಿರುಗುತ್ತದೆ. ಇಂಥ ಆಟಕ್ಕೆ ದನಿ ಕೊಡುವ ಕೆಲಸವೇ ವಿಚಿತ್ರ. ಚಿತ್ರ ಇರುವುದಿಲ್ಲ, ಹಿಂದುಮುಂದು ಇರುವುದಿಲ್ಲ. ಎಲ್ಲೆಲ್ಲಿಯದೋ ಸಾಲುಗಳನ್ನು ರಾಶಿ ಹಾಕಿ ಕೊಡುತ್ತಾರೆ. ಒಂದು ಸಾಲನ್ನು ಸಿಟ್ಟಿನಲ್ಲಿ, ಮತ್ತೆ ಶಾಂತವಾಗಿ, ಮತ್ತೆ ಸಾಯುವವನ ಹಾಗೆ ಹೇಳಿ ಬರಬೇಕು. ಯಾವ ಮಾತು ಎಲ್ಲಿ ಕೂರುತ್ತದೆ ಎಂದು ಹೇಳಿದವನಿಗೇ ಗೊತ್ತಿರುವುದಿಲ್ಲ.

ಅದಕ್ಕೇ ಗುಡುಗಣ್ಣ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದ. ಕನ್ನಡಕದಕ್ಕ ಪಾತ್ರೆ ತೊಳೆಯುತ್ತಾ ಕ್ಯಾಪ್ಟನ್‌ನ ಮಾತು ಓದುತ್ತಿದ್ದಳು, ಆತ ಮೇಸ್ತ್ರಿಯಾಗಿ ಉತ್ತರ ಕೊಡುತ್ತಿದ್ದ.

“ಮೇಸ್ತ್ರಿ, ಇನ್ನೆಷ್ಟು ಹೊತ್ತು?” ಎನ್ನುತ್ತಿದ್ದಳು, ಕೈಯಲ್ಲಿ ಸೋಪಿನ ನೊರೆ.

“ಯಂತ್ರಕ್ಕೆ ಮರ್ಯಾದೆ ಕೊಟ್ಟು ಕೇಳಿ, ಕ್ಯಾಪ್ಟನ್. ಅದೇ ಹೇಳುತ್ತೆ.” ಸಿಂಕಿನಲ್ಲಿ ಚಮಚಗಳು ಗಲಗಲ ಎನ್ನುತ್ತಿದ್ದವು.

ಹಾಗಾಗಿ ಆಟ ಮುಟ್ಟುವುದಕ್ಕೆ ಮುಂಚೆಯೇ ಆಕೆ ಕ್ಯಾಪ್ಟನ್ ಆಗಿ ಹೋಗಿದ್ದಳು. ಮೊದಲನೇ ಭಾಗದ ಮೇಸ್ತ್ರಿಯ ಮಾತೆಲ್ಲ ಆಕೆಗೆ ಬಾಯಿಪಾಠ.

ಎರಡನೇ ಭಾಗದ ಕೆಲಸ ಶುರುವಾಗುವ ಹೊತ್ತಿಗೆ ಗುಡುಗಣ್ಣನ ಗಂಟಲಲ್ಲಿ ಗಂಟು ಸಿಕ್ಕಿತು. ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. “ಧ್ವನಿಪೆಟ್ಟಿಗೆ ತೆಗೆದರೆ ಮನುಷ್ಯ ಉಳೀತಾರೆ. ತೆಗೀದೇ ಹೋದ್ರೆ ದನಿ ಇನ್ನೊಂದಿಷ್ಟು ಕಾಲ ಇರುತ್ತೆ. ಮನುಷ್ಯನ ವಿಷಯ ನಾನು ಹೇಳಲಾರೆ” ಎಂದರು. ಗುಡುಗಣ್ಣ ಗೋಡೆಯ ಮೇಲಿದ್ದ ಗಂಟಲಿನ ಚಿತ್ರ ನೋಡುತ್ತಾ ಕೂತಿದ್ದ. ಕನ್ನಡಕದಕ್ಕ ಕ್ಷಣವೂ ತಡಮಾಡದೆ, “ತೆಗೀರಿ” ಎಂದುಬಿಟ್ಟಳು. ಆತ ಆಗಲಿ ಎಂಬಂತೆ ತಲೆಯಾಡಿಸಿದ. ಊರಿಗೆಲ್ಲ ಒಂದಾ ಎರಡಾ ಎಂದು ಕೇಳುವವಳು ಅವತ್ತು ಸ್ವಂತ ಗಂಡನನ್ನು ಕೇಳಲಿಲ್ಲ.

ಆಪರೇಷನ್ನಿಗೆ ಮುಂಚಿನ ವಾರ ಗಂಟಲಿಗೆ ಆದಷ್ಟು ವಿಶ್ರಾಂತಿ ಕೊಡಿ ಎಂದಿದ್ದರು. ಗುಡುಗಣ್ಣ ಕೊಟ್ಟ, ಆದರೆ ಮನೆಯಲ್ಲಿ. ದಿನಾ ಬೆಳಿಗ್ಗೆ ಸ್ಟುಡಿಯೋಗೆ ಹೋಗಿ ಎರಡನೇ ಭಾಗದ ಸಾಲುಗಳನ್ನು ಆದಷ್ಟು ಹೇಳಿ ಬರುತ್ತಿದ್ದ. ಸಂಜೆ ಮನೆಗೆ ಬಂದವನು ಗಂಟಲಿಗೆ ಮಫ್ಲರ್ ಸುತ್ತಿಕೊಂಡು, ಕೈಸನ್ನೆಯಲ್ಲೇ ಊಟ ಕೇಳಿ, ಮಲಗಿಬಿಡುತ್ತಿದ್ದ. ಅಭ್ಯಾಸವೂ ಇಲ್ಲ, ಕ್ಯಾಪ್ಟನ್ನೂ ಬೇಡ. ಹೆಂಡತಿಗೆ ಹೊಟ್ಟೆ ಉರಿಯಿತು. ಉರಿದದ್ದನ್ನು ಹೇಳಲಿಲ್ಲ. ಆಪರೇಷನ್ನಿನ ದಿನ ಗಾಲಿಮಂಚ ಬಾಗಿಲ ಹತ್ತಿರ ನಿಂತಾಗ ಆತ ಬಾಯಿ ತೆರೆದ. ಆಕೆ ಬಗ್ಗಿ ಕಿವಿ ಕೊಟ್ಟಳು. “ಕನ್ನಡಕ ಹಿಡ್ಕೊ” ಎಂದ. ಆಕೆ ಹಿಡಿದುಕೊಂಡಳು. ಗುಡುಗಣ್ಣ ಹೆಂಡತಿಗೆ ಆಡಿದ ಕೊನೆಯ ಮಾತು ಅದು.

ಮಾತು ಬೆಳ್ಳಿ, ಮೌನ ಬಂಗಾರ ಎಂದ ಪುಣ್ಯಾತ್ಮನನ್ನು ಆಮೇಲಿನ ಎರಡು ವರ್ಷ ಆ ಮನೆಯಲ್ಲಿ ತಂದು ಕೂರಿಸಬೇಕಿತ್ತು. ಗುಡುಗಣ್ಣನ ಕುತ್ತಿಗೆಯ ಬುಡದಲ್ಲಿ ಉಸಿರಿಗೊಂದು ತೂತು, ಅದರ ಮೇಲೆ ತೆಳು ಬಟ್ಟೆ. ತುಟಿ ಆಡುತ್ತದೆ, ನಾಲಿಗೆ ಆಡುತ್ತದೆ, ಗಾಳಿ ಮಾತ್ರ ಬಾಯಿಗೆ ಬರುವುದಿಲ್ಲ. ಕುತ್ತಿಗೆಗೆ ಒತ್ತಿ ಹಿಡಿದರೆ ಗುಂಯ್ ಎನ್ನುವ ಯಂತ್ರ ಕೊಟ್ಟಿದ್ದರು. ಒಂದು ಸಲ ಹಿಡಿದು ನೋಡಿದ, ಜೀರುಂಡೆ ಮಾತಾಡಿದ ಹಾಗಿತ್ತು, ಡ್ರಾಯರಿಗೆ ಹಾಕಿ ದೂಡಿದ. ಫೋನಿನಲ್ಲಿ ಒತ್ತಿ ತೋರಿಸುವುದು ಹಾಲು, ಮಾತ್ರೆ, ನಲ್ಲಿ ರಿಪೇರಿಯ ವಿಷಯಕ್ಕೆ ಮಾತ್ರ. ದೊಡ್ಡ ಮಾತಿಗೆ ಫೋನು ಮುಟ್ಟುವುದಿಲ್ಲ. ಆತನ ತುಟಿ ಓದುವುದು ಕನ್ನಡಕದಕ್ಕನಿಗೆ ಒಗ್ಗಲೇ ಇಲ್ಲ. ಊರಿನ ಕಣ್ಣು ತಿದ್ದುವವಳಿಗೆ ಗಂಡನ ಬಾಯಿ ಕಾಣಲಿಲ್ಲ, ನೋಡಿ. ಕೊನೆಗೆ ಅಂಗಡಿಯ ಪದ್ಧತಿಯೇ ಮನೆಗೂ ಬಂತು. “ಊಟ ಈಗಲಾ, ಆಮೇಲಾ?” ಎಂದು ಆಕೆ ಕೇಳುವುದು, ಆತ ಒಂದು ಬೆರಳೋ ಎರಡು ಬೆರಳೋ ತೋರಿಸುವುದು. ಸಂಸಾರ ಎರಡು ಬೆರಳಿನ ಮೇಲೆ ನಡೆಯಿತು.

ಹೀಗಿರುವಾಗ ‘ಏಳನೇ ಚಂದ್ರ’ದ ಎರಡನೇ ಭಾಗ ಬಿಡುಗಡೆಯಾಯಿತು ಎಂದು ಸುದ್ದಿ ಬಂತು. ಕನ್ನಡಕದಕ್ಕ ಎದ್ದು ಕೂತಳು. ಹಳೆಯ ಮಾತುಗಳಿಗೆ ಬರವಿರಲಿಲ್ಲ. ಕರಡಿಯದು, ಮಂತ್ರಿಯದು, ‘ದಯವಿಟ್ಟು ಕಾಯಿರಿ’, ಬೇಕಾದಾಗ ಕೇಳಬಹುದಿತ್ತು. ಆದರೆ ಆ ಕೊನೆಯ ವಾರದ ಮಾತು, ಮನೆಗೆ ಒಂದನ್ನೂ ತರದೆ ಮೈಕಿಗೆ ಸುರಿದು ಬಂದ ಮಾತು, ಅದು ಅಲ್ಲಿದೆ. ಅದು ತನಗೆ ಸೇರಬೇಕಾದದ್ದು. ಅದನ್ನು ಕೇಳಲೇಬೇಕು.

ಗುಡುಗಣ್ಣ ಕೆಲಸ ಬಿಟ್ಟಾಗ ಸ್ಟುಡಿಯೋದವರು ಗೋಡೆ ಗಡಿಯಾರದ ಬದಲು ಆಟ ಆಡುವ ಯಂತ್ರ ಕೊಟ್ಟಿದ್ದರು. ಅದರ ಧೂಳು ಒರೆಸಿದಳು. ಮೊದಲನೇ ಭಾಗ ಅದರಲ್ಲೇ ಇತ್ತು. ಎರಡನೇ ಭಾಗ ತರಿಸಿ ಹಾಕಿದಾಗ ಪರದೆಯ ಮೇಲೆ ಒಂದು ಪ್ರಶ್ನೆ: ಹಳೆಯ ಕಥೆಯನ್ನು ಮುಂದುವರಿಸುವಿರಾ? ಓದಿ ನೋಡಿದರೆ ನಿಯಮ ಇಷ್ಟು. ಮೊದಲನೇ ಭಾಗದಲ್ಲಿ ನೀವು ಮಾಡಿದ್ದನ್ನೆಲ್ಲ ಎರಡನೇ ಭಾಗ ತನ್ನೊಳಗೆ ತಂದುಕೊಳ್ಳುತ್ತದೆ. ಅಲ್ಲಿ ಉಳಿದವರು ಇಲ್ಲೂ ಇರುತ್ತಾರೆ. ಅಲ್ಲಿ ಸತ್ತವರು ಇಲ್ಲೂ ಸತ್ತವರೇ.

ಮೊದಲನೇ ಭಾಗದ ಕೊನೆಯಲ್ಲಿ ಮೇಸ್ತ್ರಿ ಸಾಯಬಹುದು ಎಂದು ಆಕೆಗೆ ಗೊತ್ತಿತ್ತು. ಆ ಸಾಲನ್ನು ಆಕೆಯೇ ಎದುರು ಓದಿದ್ದಳಲ್ಲ. ಚಂದ್ರನ ಮೇಲಿನ ಗಣಿ ಕುಸಿಯುತ್ತಿರುತ್ತದೆ, ಹಡಗು ಹೊರಡಬೇಕಾದರೆ ಯಾರಾದರೂ ಒಬ್ಬರು ಹೆಬ್ಬಾಗಿಲ ಹಿಡಿಕೆ ಎಳೆದು ಹಿಡಿದಿರಬೇಕು. ಮೇಸ್ತ್ರಿ ಹಿಡಿಯುತ್ತಾನೆ, ನೀವು ಹೊರಡಿ ಎನ್ನುತ್ತಾನೆ. ಕನ್ನಡಕದಕ್ಕನ ಲೆಕ್ಕ ಸರಳವಾಗಿತ್ತು. ಬದುಕಿದವನು ತಾನೇ ಮಾತಾಡುವುದು? ಮೊದಲು ಮೇಸ್ತ್ರಿಯನ್ನು ಉಳಿಸಬೇಕು, ಆಮೇಲೆ ಎರಡನೇ ಭಾಗದಲ್ಲಿ ಆತನ ಮಾತು ಕೇಳಬೇಕು.

ಉಳಿಸುವುದು ಹುಡುಗಾಟವಲ್ಲ. ಆ ಹಿಡಿಕೆಗೆ ಕಟ್ಟಲು ಸರಪಳಿ ಬೇಕು, ಸರಪಳಿಗೆ ಕೆಟ್ಟು ನಿಂತ ಲಿಫ್ಟು ಬಿಚ್ಚಬೇಕು, ಲಿಫ್ಟಿಗೆ ಹೋಗಲು ಇರುವುದು ಒಂದೇ ಏಣಿ. ಅಂಗಡಿ ಮುಚ್ಚಿ ಬಂದು, ಕೈಕಾಲು ತೊಳೆದು, ಕೂತುಬಿಡುತ್ತಿದ್ದಳು. ಬೀಳುವಳು, ಏಳುವಳು. ಗುಡುಗಣ್ಣ ಪಕ್ಕದಲ್ಲಿ ಬಟಾಣಿ ಸುಲಿಯುತ್ತಾ, ಒಮ್ಮೊಮ್ಮೆ ನಗುತ್ತಾ ನೋಡುತ್ತಿದ್ದ. ಸದ್ದಿಲ್ಲದ ನಗು. ಹೆಗಲು ಕುಣಿಯುವುದು ಕಂಡರೆ ನಗುತ್ತಿದ್ದಾನೆ ಎಂದು ತಿಳಿಯಬೇಕು.

“ನಗಬೇಡ್ರೀ. ನಿಮ್ಮನ್ನೇ ಉಳಿಸ್ತಿರೋದು ನಾನು.”

ಆತ ಬಟಾಣಿಯೊಂದನ್ನು ಬಾಯಿಗೆ ಹಾಕಿಕೊಂಡು ಕೈ ಜಾಡಿಸಿದ. ಯಾರು ಕೇಳಿದ್ದರು ಎಂಬಂತಿತ್ತು. ತಮಾಷೆಗೇ ಇರಬಹುದು. ಆಕೆಗೆ ಮಾತ್ರ ಎಲ್ಲೋ ಚುಚ್ಚಿತು.

ಚಳಿಗಾಲ ಮುಗಿಯುವ ಹೊತ್ತಿಗೆ ಮೇಸ್ತ್ರಿ ಉಳಿದ. ಹಡಗು ಚಂದ್ರನನ್ನು ಬಿಟ್ಟು ಮೇಲೇರಿತು. ಕನ್ನಡಕದಕ್ಕ ಕೈಯಲ್ಲಿದ್ದ ಕಂಟ್ರೋಲರನ್ನು ಮಡಿಲಿಗೆ ಹಾಕಿ ಅತ್ತುಬಿಟ್ಟಳು. ಅಂದೇ ಎರಡನೇ ಭಾಗ ತೆರೆದಳು. ಹಳೆಯ ಕಥೆಯನ್ನು ಮುಂದುವರಿಸುವಿರಾ? ಮುಂದುವರಿಸುತ್ತೇನೆ. ಎಂಜಿನ್ ಕೋಣೆಯ ಬಾಗಿಲು ತೆರೆಯಿತು. ಮೇಸ್ತ್ರಿ ಬೆನ್ನು ತಿರುಗಿಸಿ ಏನೋ ತಿರುಪು ಬಿಗಿಯುತ್ತಿದ್ದ. ಗಡ್ಡ ಬೆಳ್ಳಗಾಗಿತ್ತು. ಕ್ಯಾಪ್ಟನ್ ಹತ್ತಿರ ಹೋದಳು. ಗುಡುಗಣ್ಣನೂ ಬಟ್ಟಲು ಕೆಳಗಿಟ್ಟು ಮುಂದೆ ಬಾಗಿದ.

ಮೇಸ್ತ್ರಿ ತಿರುಗಿ ಬಾಯಿ ತೆರೆದ. ಬಂದದ್ದು ಬೇರೆ ದನಿ.

ಕೆಟ್ಟ ದನಿಯಲ್ಲ. ಗಟ್ಟಿಯಾಗಿತ್ತು, ಹದವಾಗಿತ್ತು. ಉಸಿರು ನಿಲ್ಲಿಸುವ ಜಾಗ ಕೂಡ ಗುಡುಗಣ್ಣ ನಿಲ್ಲಿಸುವ ಜಾಗವೇ. ಸ್ಟುಡಿಯೋದಲ್ಲಿ ಆತನೇ ತಿದ್ದಿ ಬೆಳೆಸಿದ ಶಿಷ್ಯನೊಬ್ಬನಿದ್ದ, ಎಲ್ಲರೂ ಮರಿಗುಡುಗು ಎನ್ನುತ್ತಿದ್ದರು. ಅವನ ದನಿ. ಗಂಡಹೆಂಡಿರಿಬ್ಬರಿಗೂ ಮೊದಲ ಪದಕ್ಕೇ ಗೊತ್ತಾಯಿತು. ಪರದೆಯ ಮೇಲೆ ಮೇಸ್ತ್ರಿ ಮಾತು ಮುಂದುವರಿಸಿದ.

“ನನ್ನನ್ನು ಯಾಕೆ ಉಳಿಸಿದಿರಿ, ಕ್ಯಾಪ್ಟನ್? ನಾನು ಹೊರಡಿ ಅಂದಿದ್ದೆನಲ್ಲ.”

ಕೆಳಗೆ ಮೂರು ಉತ್ತರ ಬಂದವು. ‘ಹಡಗಿಗೆ ಮೇಸ್ತ್ರಿ ಬೇಕಿತ್ತು.’ ‘ನನಗೆ ನೀನು ಬೇಕಿತ್ತು.’ ‘ಅದು ನನ್ನ ತಪ್ಪಾಗಿದ್ದರೆ ಕ್ಷಮಿಸು.’ ಅವುಗಳ ಅಡಿಯಲ್ಲಿ ಒಂದು ಬಿಳಿ ಗೆರೆ ಎರಡು ಕಡೆಯಿಂದಲೂ ಕರಗುತ್ತಾ ಬರುತ್ತಿತ್ತು. ಅದು ಮುಗಿಯುವುದರೊಳಗೆ ಆರಿಸಬೇಕು. ಕನ್ನಡಕದಕ್ಕನಿಗೆ ಹೆಬ್ಬೆರಳು ಆಡಲಿಲ್ಲ. ಪಕ್ಕಕ್ಕೆ ತಿರುಗಿ ನೋಡಲು ಧೈರ್ಯ ಸಾಲಲಿಲ್ಲ. ಗೆರೆ ಮುಗಿಯಿತು. ‘ಕ್ಯಾಪ್ಟನ್ ಉತ್ತರಿಸಲಿಲ್ಲ’ ಎಂದು ಅಕ್ಷರ ಮೂಡಿತು. ಮೇಸ್ತ್ರಿ ಮತ್ತೆ ತಿರುಪಿನ ಕಡೆಗೆ ತಿರುಗಿದ. ಗುಡುಗಣ್ಣ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟ. ಬಹಳ ಹೊತ್ತು ನೀರು ಬೀಳುವ ಸದ್ದು ಬರುತ್ತಿತ್ತು.

ಮರಿಗುಡುಗನ್ನು ಆಕೆ ಭಾನುವಾರ ಮಧ್ಯಾಹ್ನ ಮನೆಗೆ ಕರೆಸಿದಳು. ಬಂದವನು ಚಪ್ಪಲಿ ಬಿಡುವಾಗಲೇ ತಪ್ಪು ಒಪ್ಪಿಕೊಳ್ಳುವವನ ಹಾಗೆ ಬಗ್ಗಿದ್ದ. ಗುರುವಿನ ಎದುರು ಜೋರಾಗಿ ಮಾತಾಡುವುದಕ್ಕೆ ಅವನಿಗೆ ಸಂಕೋಚ. ದೇವರು ಕೊಟ್ಟ ಆ ದೊಡ್ಡ ದನಿಯನ್ನು ಮಡಚಿ ಮಡಚಿ ಪಿಸುಮಾತು ಮಾಡಿದ. ಗುಡುಗಣ್ಣ ಅವನ ಬೆನ್ನು ತಟ್ಟಿ, ಟೀ ಕೊಟ್ಟು, ಮಾತ್ರೆ ತರುವ ನೆಪದಲ್ಲಿ ಹೊರಗೆ ಹೊರಟ.

“ಅತ್ತಿಗೆ, ನಾನು ಬೇಡ ಅಂತಲೇ ಹೇಳಿದ್ದೆ” ಎಂದ ಮರಿಗುಡುಗು. “ಮೇಸ್ತ್ರಿ ಬದುಕಿದ್ದರೆ ಅವನಿಗೆ ಕಥೆ ಪೂರ್ತಿ ಮಾತಿದೆ. ಸಾವಿರಗಟ್ಟಲೆ ಸಾಲು. ಅಣ್ಣನ ಕೈಲಿ ಒಂದು ವಾರದಲ್ಲಿ ಅಷ್ಟು ಹೇಗೆ ಆಗುತ್ತೆ? ಅರ್ಧ ಅವರ ದನಿ ಅರ್ಧ ನನ್ನ ದನಿ ಇಟ್ಟರೆ ಕೇಳೋರಿಗೆ ಗೊತ್ತಾಗುತ್ತೆ. ಅದಕ್ಕೆ ಪೂರ್ತಿ ನನ್ನ ಕೈಲೇ ಹೇಳಿಸಿದ್ರು.”

“ಹಾಗಾದ್ರೆ ಇವರು ಹೇಳಿದ್ದು ಏನಾಯ್ತು? ಎಸೆದುಬಿಟ್ರಾ?”

“ಎಸೆಯೋದಾ, ಅತ್ತಿಗೆ? ಇದೆ. ಆದ್ರೆ...” ಟೀ ಲೋಟ ತಿರುಗಿಸಿದ. “ಮೊದಲನೇ ಭಾಗದಲ್ಲಿ ಮೇಸ್ತ್ರಿ ಸತ್ತಿದ್ದರೆ, ಎರಡನೇ ಭಾಗದಲ್ಲಿ ಎಂಜಿನ್ ಕೋಣೆ ಖಾಲಿ ಇರುತ್ತೆ. ಅವನು ಸಾಯೋಕೆ ಮುಂಚೆ ಕ್ಯಾಪ್ಟನ್‌ಗೆ ಅಂತ ಅಲ್ಲಲ್ಲಿ ಮಾತು ರೆಕಾರ್ಡ್ ಮಾಡಿಟ್ಟಿರ್ತಾನೆ. ನಾಲ್ಕೇ ನಾಲ್ಕು. ಅಷ್ಟು ಅಣ್ಣನದು. ಅದನ್ನ ಯಾರೂ ಮುಟ್ಟಿಲ್ಲ.”

“ಅಂದ್ರೆ ನಾನು ಉಳಿಸಿದ್ದಕ್ಕೇ...”

“ಹೂಂ, ಅತ್ತಿಗೆ.”

“ಸಾಯಿಸಿದ್ರೆ?”

ಮರಿಗುಡುಗು ಲೋಟ ಎತ್ತಿಕೊಂಡ. ಟೀ ಆರಿ ಹೋಗಿತ್ತು, ಅದನ್ನೇ ಕುಡಿದ. ಒಂದು ಚಳಿಗಾಲ ಬಿದ್ದು ಎದ್ದು ಕಟ್ಟಿದ ಸರಪಳಿ, ಕನ್ನಡಕದಕ್ಕನ ಕಣ್ಣ ಮುಂದೆ ಕೊಂಡಿ ಕೊಂಡಿಯಾಗಿ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ತುತ್ತನ್ನು ದೂರ ತಳ್ಳಿದ್ದೇ ಆಕೆಯ ಕೈ.

ಹಳೆಯ ಭಾಗಕ್ಕೆ ಮರಳುವ ದಾರಿ ಮರಿಗುಡುಗೇ ತೋರಿಸಿ ಹೋದ. ಕೊನೆಯ ಅಧ್ಯಾಯಕ್ಕೆ ಮುಂಚೆ ಆಟ ತಾನಾಗಿಯೇ ಒಂದು ಗುರುತು ಇಟ್ಟುಕೊಂಡಿರುತ್ತದಂತೆ, ಅಲ್ಲಿಂದ ಮತ್ತೆ ಹೊರಡಬಹುದಂತೆ. ಬದುಕಿನಲ್ಲಿ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಟದಲ್ಲಿ ಒಡೆದ ಮುತ್ತನ್ನು ಮತ್ತೆ ಇಡಿಯಾಗಿ ಮಾಡಿಕೊಡುತ್ತಾರೆ, ಮತ್ತೆ ಒಡೆಯುವುದಕ್ಕೆ.

ಎರಡು ದಿನ ಬಿಟ್ಟು, ಅಂಗಡಿಗೆ ರಜೆ ಇದ್ದ ಮಧ್ಯಾಹ್ನ, ಆಕೆ ಆ ಗುರುತಿನಿಂದ ಹೊರಟಳು. ಕಿಟಕಿಯಿಂದ ಬಿಸಿಲು ಬಂದು ಪರದೆ ಮಸುಕಾಗುತ್ತಿತ್ತು, ಪರದೆಬಟ್ಟೆ ಎಳೆದಳು. ಗುಡುಗಣ್ಣ ಮಂಚದ ಮೇಲೆ ಒಗೆದ ಬಟ್ಟೆ ಮಡಚುತ್ತಿದ್ದ. ಗಣಿ ಕುಸಿಯಿತು. ಮೇಸ್ತ್ರಿ ಓಡಿ ಹೋಗಿ ಹಿಡಿಕೆಗೆ ಜೋತು ಬಿದ್ದ. ಮೊದಲನೇ ಭಾಗದ ಮೇಸ್ತ್ರಿ, ನಿಜವಾದ ದನಿಯ ಮೇಸ್ತ್ರಿ.

“ನೀವು ಹೊರಡಿ, ಕ್ಯಾಪ್ಟನ್. ಇಲ್ಲಿ ನಾನು ನೋಡ್ಕೋತೀನಿ.”

ಮೇಜಿನ ಮೇಲೆ ಲೋಟ ನಡುಗಲಿಲ್ಲ. ಟೀವಿಯ ಸ್ಪೀಕರಿಗೆ ಅಷ್ಟು ಶಕ್ತಿ ಎಲ್ಲಿ? ಎರಡು ಉತ್ತರ ಬಂದವು. ಒಂದು: ಸರಪಳಿ ಕಟ್ಟು. ಎರಡು: ಹೊರಡು. ಬಿಳಿ ಗೆರೆ ಕರಗತೊಡಗಿತು. ಎರಡನ್ನು ಒತ್ತಬೇಕು ಎಂದೇ ಆಕೆ ಕೂತಿದ್ದಳು. ಹೆಬ್ಬೆರಳು ತಾನಾಗಿ ಹೋಗಿ ಒಂದನ್ನು ಒತ್ತಿತು. ಮೇಸ್ತ್ರಿ ಉಳಿದುಬಿಟ್ಟ. ಹಡಗು ಮೇಲೇರಿತು.

ಕನ್ನಡಕದಕ್ಕ ಆಟ ನಿಲ್ಲಿಸಿ, ಮತ್ತೆ ಗುರುತಿನಿಂದ ಹೊರಟಳು. ಈ ಸಲ ಗುಡುಗಣ್ಣ ಬಟ್ಟೆ ಬಿಟ್ಟು ಬಂದು ಪಕ್ಕದ ಕುರ್ಚಿಯಲ್ಲಿ ಕೂತ. ಗಣಿ ಕುಸಿಯಿತು. ಹಿಡಿಕೆ, ಮೇಸ್ತ್ರಿ, ಅದೇ ಮಾತು. ಒಂದು, ಎರಡು. ಗೆರೆ.

“ರೀ, ನನ್ನ ಕೈಲಿ ಆಗ್ತಿಲ್ಲ” ಎಂದಳು. “ನೀವೇ ಹೇಳಿ. ಒಂದನೇದಾ, ಎರಡನೇದಾ?”

ಆತ ಎರಡು ಬೆರಳು ಎತ್ತಿದ. ತಡವರಿಸಲಿಲ್ಲ.

ಆಕೆ ಪರದೆ ಬಿಟ್ಟು ಆತನ ಮುಖ ನೋಡಿದಳು. ಎರಡು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದದ್ದು ಆಗ ಹೊರಗೆ ಬಂತು. “ಅವತ್ತು ಡಾಕ್ಟರ ಮುಂದೆ ನಾನು ಕೇಳಿದ್ದಿದ್ರೆ, ಆಗಲೂ ಎರಡೇ ತೋರಿಸ್ತಿದ್ರಾ?”

ಗುಡುಗಣ್ಣನ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು. ಬೆರಳು ಮಡಚಲಿಲ್ಲ, ತಲೆಯಾಡಿಸಲಿಲ್ಲ. ಗೆರೆ ಕೂದಲೆಳೆಯಷ್ಟು ಉಳಿದಿತ್ತು. ಉತ್ತರಕ್ಕೆ ಕಾದರೆ ಗೆರೆ ಮುಗಿಯುತ್ತದೆ, ಗೆರೆ ನೋಡಿದರೆ ಆತನ ಮುಖ ತಪ್ಪಿಹೋಗುತ್ತದೆ. ಆಕೆ ಕಣ್ಣು ಮುಚ್ಚಿ ಎರಡನ್ನು ಒತ್ತಿದಳು. ಕಣ್ಣು ಬಿಟ್ಟಾಗ ಹಡಗು ಆಕಾಶದಲ್ಲಿತ್ತು, ಕೆಳಗೆ ಚಂದ್ರನ ಮೇಲೆ ಧೂಳೆದ್ದಿತ್ತು. ಆತ ಕೈ ಇಳಿಸಿ, ತೊಡೆಯ ಮೇಲಿಟ್ಟುಕೊಂಡು, ಧೂಳನ್ನೇ ನೋಡುತ್ತಿದ್ದ. ಆಕೆ ಮತ್ತೆ ಕೇಳದೆ ಎರಡನೇ ಭಾಗ ತೆರೆದಳು.

ಎರಡನೇ ಭಾಗದಲ್ಲಿ ಎಂಜಿನ್ ಕೋಣೆ ಖಾಲಿ ಇತ್ತು. ಗೋಡೆಯಲ್ಲಿ ಒಂದು ಸಣ್ಣ ಹಸಿರು ದೀಪ ಮಿಣುಕುತ್ತಿತ್ತು. ಕ್ಯಾಪ್ಟನ್‌ಳನ್ನು ಅಲ್ಲಿಯವರೆಗೆ ನಡೆಸಿ ಗುಂಡಿ ಒತ್ತಿಸಿದಳು. ಒಂದು ಕೆಮ್ಮು ಕೇಳಿಸಿತು. ಆ ವಾರದ ಕೆಮ್ಮು. ಸ್ಟುಡಿಯೋದವರು ಅದನ್ನು ಕತ್ತರಿಸದೆ ಬಿಟ್ಟಿದ್ದರು, ಸಾಯುವ ಮೇಸ್ತ್ರಿಗೆ ಒಪ್ಪುತ್ತದೆ ಎಂದಿರಬೇಕು.

“ಕ್ಯಾಪ್ಟನ್, ಎಡಗಡೆ ಮೋಟಾರು ಆಗಾಗ ಗೊರಗುಟ್ಟುತ್ತೆ. ಹೆದರಬೇಡಿ. ಅದಕ್ಕೆ ಸಿಟ್ಟು ಬಂದಿಲ್ಲ, ವಯಸ್ಸಾಗಿದೆ ಅಷ್ಟೇ. ಎಣ್ಣೆ ಹಾಕಿ, ಸ್ವಲ್ಪ ಹೊತ್ತು ಹತ್ತಿರ ನಿಂತಿರಿ.”

ದನಿ ಸವೆದಿತ್ತು, ಅಂಚಿನಲ್ಲಿ ಹರಿದಿತ್ತು. ಆದರೆ ಅದೇ. ಕನ್ನಡಕದಕ್ಕ ಎದೆಗೆ ಕೈ ಒತ್ತಿಕೊಂಡಳು. ಇದು ಆಕೆ ಎದುರು ಓದದ ಮಾತು, ಈ ಮನೆಯಲ್ಲಿ ಯಾರೂ ಕೇಳದ ಮಾತು. ಎರಡನೇ ದೀಪ ಮೆಟ್ಟಿಲ ಕೆಳಗಿತ್ತು. ಮೆಟ್ಟಿಲಲ್ಲಿ ಎರಡು ಸಲ ಬಿದ್ದು ತಲುಪಿದಳು.

“ಕ್ಯಾಪ್ಟನ್, ನನ್ನ ಸ್ಪ್ಯಾನರುಗಳನ್ನು ಹೊಸಬನಿಗೆ ಕೊಡಿ. ಬೈಬೇಡಿ ಅವನಿಗೆ. ನನ್ನ ಹಾಗೆ ಮಾಡಲ್ಲ ಅಂತ ಬೈಬೇಡಿ.”

ಆಗ ಏನೋ ತೋರಿ ಆಕೆ ಪಕ್ಕಕ್ಕೆ ನೋಡಿದಳು. ಗುಡುಗಣ್ಣನ ತುಟಿ ಆಡುತ್ತಿತ್ತು. ಟೀವಿಯಲ್ಲಿ ‘ಬೈಬೇಡಿ’ ಎಂದಾಗ ಆತನ ಬಾಯಲ್ಲೂ ‘ಬೈಬೇಡಿ’ ಇತ್ತು. ಒಂದು ಎಳೆ ಹಿಂದೆ ಇಲ್ಲ, ಮುಂದೆ ಇಲ್ಲ. ರಾಶಿಯಲ್ಲಿ ಹೇಳಿ ಬಂದಿದ್ದ ಮಾತುಗಳೆಲ್ಲ ಆತನಿಗೆ ನೆನಪಿದ್ದವು. ಮೂವತ್ತು ವರ್ಷ ಬೇರೆಯವರ ತುಟಿಗೆ ತನ್ನ ದನಿ ಕೂರಿಸಿದ ಮನುಷ್ಯ, ಈಗ ತನ್ನ ದನಿಗೆ ತನ್ನ ತುಟಿ ಕೂರಿಸುತ್ತಿದ್ದ.

ಕನ್ನಡಕದಕ್ಕ ಮೂರನೇ ದೀಪದ ಗುಂಡಿ ಒತ್ತಿ, ಕುರ್ಚಿಯನ್ನೇ ತಿರುಗಿಸಿಕೊಂಡು ಆತನ ಎದುರು ಕೂತಳು. ಕ್ಯಾಪ್ಟನ್ ಗೋಡೆಗೆ ಮುಖ ಮಾಡಿ ನಿಂತಿದ್ದಳು, ನಿಂತಿರಲಿ.

“ಕ್ಯಾಪ್ಟನ್, ನೀವು ರಾತ್ರಿ ಊಟ ಬಿಡ್ತೀರಿ ಅಂತ ನನಗೆ ಗೊತ್ತು. ಬಿಡಬೇಡಿ” ಎಂದ ಗುಡುಗಣ್ಣ. ಹೌದು, ಎಂದ. ದನಿ ಹಿಂದಿನಿಂದ ಬರುತ್ತಿತ್ತು, ಮಾತು ಮುಂದಿನಿಂದ. ಎರಡು ವರ್ಷದಲ್ಲಿ ಮೊದಲ ಸಲ ಆತನ ಬಾಯಲ್ಲಿ ಏನಿದೆ ಎಂದು ಆಕೆಗೆ ಅಕ್ಷರ ಅಕ್ಷರವಾಗಿ ತಿಳಿಯಿತು. ಆಕೆಯ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಒರೆಸಿದರೆ ಅಷ್ಟು ಹೊತ್ತು ಆತನ ಬಾಯಿ ಕಾಣುವುದಿಲ್ಲವಲ್ಲ.

ಇನ್ನು ಒಂದೇ ಒಂದು ದೀಪ ಉಳಿದಿತ್ತು. ಅದನ್ನು ಒತ್ತದೆ ಇಟ್ಟುಕೊಳ್ಳೋಣವೇ ಎಂದು ಒಂದು ಕ್ಷಣ ಅನ್ನಿಸಿತು. ಗುಡುಗಣ್ಣ ಟೀವಿಯ ಕಡೆಗೆ ಗದ್ದ ಎತ್ತಿ, ಒತ್ತು ಎಂದ. ಆಕೆ ಕ್ಯಾಪ್ಟನ್‌ಳನ್ನು ಕೊನೆಯ ದೀಪದವರೆಗೆ ನಡೆಸಿ ಗುಂಡಿ ಒತ್ತಿದಳು.

“ಕ್ಯಾಪ್ಟನ್, ಎಂಜಿನ್ ಕೋಣೆಯ ದೀಪ ಆರಿಸಬೇಡಿ. ನಾನು ಬರ್ತೀನಿ ಅಂತಲ್ಲ. ಕತ್ತಲಲ್ಲಿ ಯಂತ್ರಕ್ಕೂ ಹ್ಯಾಗೋ ಆಗುತ್ತೆ. ಅಷ್ಟೇ. ಇನ್ನೇನೂ ಇಲ್ಲ.”

ದನಿ ನಿಂತಿತು. ಟೀವಿಯಿಂದ ಎಂಜಿನ್ನಿನ ಗೊರಗೊರ ಬಿಟ್ಟರೆ ಬೇರೆ ಸದ್ದಿಲ್ಲ. ಆದರೆ ಗುಡುಗಣ್ಣನ ತುಟಿ ನಿಲ್ಲಲಿಲ್ಲ. ಇನ್ನೂ ಏನೋ ಹೇಳುತ್ತಿತ್ತು. ಒಂದು ಸಾಲು, ಸಣ್ಣದು, ಯಾವ ಮೈಕಿಗೂ ಹೇಳಿರದ್ದು.

“ಏನಂದ್ರಿ?” ಎಂದಳು ಕನ್ನಡಕದಕ್ಕ.

ಆತ ಮತ್ತೆ ಹೇಳಿದ. ಆಕೆಗೆ ತಿಳಿಯಲಿಲ್ಲ. ನಿಧಾನವಾಗಿ ಹೇಳಿದ. ಆಗಲೂ ತಿಳಿಯಲಿಲ್ಲ. ಆಗಲೇ ಕೇಳಿದ ಪ್ರಶ್ನೆಗೆ ಉತ್ತರವೋ, ಹಾಲಿಟ್ಟದ್ದು ಉಕ್ಕುತ್ತಿದೆ ಎನ್ನುತ್ತಿದ್ದಾನೋ, ಒಂದೂ ಗೊತ್ತಾಗಲಿಲ್ಲ. ಫೋನು ಎತ್ತಿ ಕೊಟ್ಟಳು. ಆತ ಅದನ್ನು ಪಕ್ಕಕ್ಕೆ ಸರಿಸಿದ. ದೊಡ್ಡ ಮಾತೇ ಇರಬೇಕು.

ಆಕೆ ಕಣ್ಣು ಒರೆಸಿಕೊಂಡು, ಅಂಗಡಿಯಲ್ಲಿ ಕೂರುವ ಹಾಗೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುರ್ಚಿ ಎಳೆದುಕೊಂಡಳು. “ಇದೊಂದು ಹೇಳಿ. ಈಗ ಅಂದಿದ್ದು ನನಗಾ, ಕ್ಯಾಪ್ಟನ್‌ಗಾ?”

ಗುಡುಗಣ್ಣ ಒಂದು ಬೆರಳು ಎತ್ತಿದ.

“ಹಾಗಾದ್ರೆ ಇನ್ನೊಂದು ಸಲ ಹೇಳಿ” ಎಂದಳು. ಆತ ಹೇಳಿದ. ಆಕೆ ತಲೆಯಾಡಿಸಿದಳು, ಇಲ್ಲ. ಆತ ಮತ್ತೆ ಹೇಳಿದ.